ಹಿಟ್ಟಿನ ಮನೆ, ಅನ್ನದ ಮನೆ

ನಮ್ಮ ನಾಗಮಂಗಲದ ಕಡೆ ಹಿಂದೆ ಎದುರಾದವರನ್ನು ‘ಊಟವಾಯಿತೆ?’ ಎಂದು ಕೇಳುತ್ತಿರಲಿಲ್ಲ, ‘ಹಿಟ್ಟುಂಡ್ರಾ?’ ಎನ್ನುತ್ತಿದ್ದರು. ಹಿಟ್ಟು ಎಂದರೆ ರಾಗಿಮುದ್ದೆ. ಅನ್ನದ ಮಾತೇ ಬೇರೆ. ಅದು ಹಬ್ಬಕ್ಕೆ, ನೆಂಟರಿಗೆ, ಜ್ವರ ಬಂದವರಿಗೆ, ಬಾಣಂತಿಗೆ. ಒಂದು ಮನೆಯಲ್ಲಿ ದಿನವೂ ಅನ್ನ ಬೇಯುತ್ತದೆ ಎಂದರೆ ಅವರು ಬ್ರಾಹ್ಮಣರಿರಬೇಕು, ಇಲ್ಲವೇ ಕೆರೆಯ ಕೆಳಗೆ ಗದ್ದೆ ಇಟ್ಟುಕೊಂಡ ಸ್ಥಿತಿವಂತರಿರಬೇಕು. ಒಲೆಯ ಮೇಲಿನ ಪಾತ್ರೆ ನೋಡಿದರೆ ಮನೆಯವರ ಜಾತಿ, ಜಮೀನು, ಸಾಲ ಮೂರನ್ನೂ ಅಂದಾಜು ಮಾಡಬಹುದಿತ್ತು.

ನಾನು ಶಾಲೆಯಲ್ಲಿ ಚರಿತ್ರೆ ಹೇಳುವವಳು. ಯುದ್ಧಗಳ ಇಸವಿಗಳನ್ನು ಎಷ್ಟೋ ತಂಡದ ಮಕ್ಕಳಿಗೆ ಬಾಯಿಪಾಠ ಮಾಡಿಸಿದ್ದೇನೆ. ಆ ಸೈನಿಕರು ಏನು ಉಂಡು ಹೊರಟರು ಎನ್ನುವುದು ಪಠ್ಯದಲ್ಲಿ ಇಲ್ಲ. ಹುಡುಕಿದರೆ ಸಿಗದೆ ಇಲ್ಲ. ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಕಂಪನಿಯವರ ಅಪ್ಪಣೆಯ ಮೇಲೆ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕನನ್, ಬೆದ್ದಲು ಭೂಮಿಯ ಮುಖ್ಯ ಬೆಳೆ ರಾಗಿ, ಕೆಳವರ್ಗದವರ ನಿತ್ಯದ ಆಹಾರ ಅದೇ ಎಂದು ಬರೆದಿಟ್ಟಿದ್ದಾನೆ.

ಅವನಿಗಿಂತ ಸುಮಾರು ಎರಡೂವರೆ ಶತಮಾನ ಮೊದಲೇ ಇದನ್ನು ಕಂಡವರು ಕನಕದಾಸರು. ಅವರ ‘ರಾಮಧಾನ್ಯ ಚರಿತ್ರೆ’ಯ ಕಥೆ ಎಲ್ಲರಿಗೂ ಗೊತ್ತು. ಅಕ್ಕಿಗೂ ರಾಗಿಗೂ ಶ್ರೇಷ್ಠತೆಯ ಜಗಳ. ರಾಮ ತೀರ್ಪು ಹೇಳುವ ಅವಸರ ಮಾಡದೆ ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸುತ್ತಾನೆ. ಹೊರತೆಗೆದಾಗ ಅಕ್ಕಿ ಕೆಟ್ಟಿರುತ್ತದೆ, ರಾಗಿ ಹಾಗೆಯೇ ಗಟ್ಟಿಯಾಗಿರುತ್ತದೆ. ರಾಮ ತನ್ನ ರಾಘವನೆಂಬ ಹೆಸರನ್ನೇ ಅದಕ್ಕೆ ಕೊಡುತ್ತಾನೆ. ಧಾನ್ಯಗಳ ನೆಪದಲ್ಲಿ ಕನಕದಾಸರು ಕುಲದ ಜಗಳವನ್ನೇ ಹೇಳುತ್ತಿದ್ದಾರೆಂದು ವಿಮರ್ಶಕರು ಹೇಳುತ್ತಾರೆ. ಅದು ನಿಜ. ನನಗೆ ಇನ್ನೂ ಹಿಡಿಸುವುದೆಂದರೆ, ಆ ಪರೀಕ್ಷೆ ಹಳ್ಳಿಯವರಿಗೆಲ್ಲ ತಿಳಿದದ್ದೇ ಆಗಿತ್ತು ಎನ್ನುವುದು. ರಾಗಿಗೆ ಹುಳ ಹತ್ತುವುದು ಕಡಿಮೆ, ವರ್ಷಗಟ್ಟಲೆ ಉಳಿಯುತ್ತದೆ.

ಅದಕ್ಕೆಂದೇ ಹಗೇವುಗಳಿದ್ದವು. ನೆಲದೊಳಗೆ ಕೊರೆದ ಗುಳಿ. ಬಾಯಿ ಕಿರಿದು, ಒಡಲು ಅಗಲ. ಒಳಗೆ ಹುಲ್ಲು ಹಾಸಿ, ರಾಗಿ ತುಂಬಿ, ಬಾಯಿಗೆ ಮಣ್ಣು ಮೆತ್ತುತ್ತಿದ್ದರು. ತೆಗೆಯುವಾಗ ತಕ್ಷಣ ಯಾರೂ ಇಳಿಯುವಂತಿಲ್ಲ. ಒಳಗಿನ ಕೆಟ್ಟ ಗಾಳಿಗೆ ಉಸಿರು ಕಟ್ಟಿ ಸತ್ತವರುಂಟು. ಮೊದಲು ದೀಪ ಇಳಿಬಿಡಬೇಕು. ಅದು ಉರಿಯುತ್ತಿದ್ದರೆ ಆಳು ಇಳಿಯಬೇಕು. ಇಳಿಯುವವನು ಆಳೇ, ಯಜಮಾನನಲ್ಲ.

1876ರಿಂದ 78ರವರೆಗಿನ ಬರವನ್ನು ನಮ್ಮ ಹಿರಿಯರು ಧಾತು ಈಶ್ವರ ಬರ ಎನ್ನುತ್ತಿದ್ದರು, ಆ ಎರಡು ಸಂವತ್ಸರಗಳ ಹೆಸರಿನಿಂದ. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದಲ್ಲಿ 50 ಲಕ್ಷ ಜನ. 1881ರಲ್ಲಿ ಸುಮಾರು 42 ಲಕ್ಷ. ಹತ್ತು ವರ್ಷದಲ್ಲಿ ಬೆಳೆಯಬೇಕಾದ ಸಂಖ್ಯೆ ಎಂಟು ಲಕ್ಷ ಕುಗ್ಗಿತು. ಹಗೇವು ಇದ್ದವರಿಗೂ ಇಲ್ಲದವರಿಗೂ ಅಂಥ ಕಾಲದಲ್ಲಿ ಎಷ್ಟು ಅಂತರವೆಂದು ಬಿಡಿಸಿ ಹೇಳಬೇಕಾಗಿಲ್ಲ.

ಈ ಚರಿತ್ರೆಯಲ್ಲಿ ಹೆಂಗಸರದು ಕೈಕೆಲಸ. ಕೋಳಿ ಕೂಗುವ ಮುಂಚೆ ಎದ್ದು ರಾಗಿಕಲ್ಲಿನ ಮುಂದೆ ಎದುರುಬದುರು ಕೂತು ಅಂದಂದಿನ ಹಿಟ್ಟು ಬೀಸಬೇಕಿತ್ತು. ಬೀಸುವ ಪದಗಳು ಹುಟ್ಟಿದ್ದು ಅಲ್ಲಿ. ಮಿಲ್ಲು ಬಂದ ಮೇಲೆ ಪದಗಳು ಹೋದವೆಂದು ಜಾನಪದದವರು ಮರುಗುತ್ತಾರೆ. ನಮ್ಮಜ್ಜಿ ಮಾತ್ರ ಒಂದು ದಿನವೂ ಮರುಗಲಿಲ್ಲ. ಅವಳ ಅಂಗೈ ನೋಡಿದವರು ಮರುಗುವಂತೆಯೂ ಇರಲಿಲ್ಲ.

ಕೂಲಿಯೂ ರಾಗಿಯಲ್ಲೇ. ಜೀತಕ್ಕಿದ್ದವನಿಗೆ ವರ್ಷಕ್ಕಿಷ್ಟು ರಾಗಿ ಎಂದು ಮಾತಾಗುತ್ತಿತ್ತು. ಕಮ್ಮಾರನಿಗೆ, ಅಗಸನಿಗೆ, ಕ್ಷೌರಿಕನಿಗೆ ಕಣದಲ್ಲಿ ಆಯ ಅಳೆಯುತ್ತಿದ್ದರು. ಮಧ್ಯಾಹ್ನ ಕೆಲಸದವರಿಗೆ ಹಿತ್ತಿಲ ಬಾಗಿಲಲ್ಲಿ ಮುದ್ದೆ ಕೊಡುತ್ತಿದ್ದುದನ್ನು ನಾನೇ ಕಂಡಿದ್ದೇನೆ. ಕೈಗೆ ಕೈ ತಾಗದಂತೆ, ಮೇಲಿನಿಂದ. ಅದೇ ರಾಗಿ, ಅದೇ ಒಲೆ. ಒಳಗೆ ತಟ್ಟೆಗೆ ಬೀಳುತ್ತಿದ್ದದ್ದು ಹೊರಗೆ ಬೊಗಸೆಗೆ ಬೀಳುತ್ತಿತ್ತು. ಅನ್ನದ ಮನೆಯವರು ಹಿಟ್ಟಿನ ಮನೆಯವರನ್ನು ಕೀಳಾಗಿ ಕಂಡರು ಎಂದು ದೂರುವ ನಾವು, ಹಿಟ್ಟಿನೊಳಗೇ ಮಾಡಿದ ಮೇಲುಕೀಳನ್ನು ಜಾಣತನದಿಂದ ಮರೆಯುತ್ತೇವೆ.

1911ರಲ್ಲಿ ಕೃಷ್ಣರಾಜಸಾಗರದ ಕಟ್ಟೆಯ ಕೆಲಸ ಶುರುವಾಯಿತು. ನಾಲೆ ಹರಿದಲ್ಲೆಲ್ಲ ಭತ್ತ, ಕಬ್ಬು ಬಂದವು. ನಾಲೆಯ ಬಯಲಿನವರು ದಿನವೂ ಅನ್ನ ಉಣ್ಣುವವರಾದರು. ನಮ್ಮಂಥ ಬೆದ್ದಲಿನವರು ಹೆಣ್ಣು ಕೊಡುವಾಗ ‘ನಾಲೆ ಬಯಲಿನ ಮನೆ’ ಹುಡುಕತೊಡಗಿದರು. ಅದೇ ಮಂಡ್ಯದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯ ಎಂಬ ವಿಜ್ಞಾನಿ ರಾಗಿಯ ಬೆನ್ನು ಹಿಡಿದರು. ರಾಗಿಯ ಮೂಲ ಪೂರ್ವ ಆಫ್ರಿಕದ ಎತ್ತರದ ನೆಲ. ಸಾವಿರಾರು ವರ್ಷದ ಹಿಂದೆ ಇಲ್ಲಿಗೆ ಬಂದದ್ದು. ಅವರು ನಮ್ಮ ತಳಿಗೆ ಆಫ್ರಿಕದ ತಳಿಯನ್ನು ಕೂಡಿಸಿ ಹೆಚ್ಚು ಇಳುವರಿಯ ಬೀಜ ತೆಗೆದರು. ಇಂಡಿಯಾ, ಆಫ್ರಿಕಾ ಎರಡೂ ಸೇರಿ ‘ಇಂಡಾಫ್’ ಆಯಿತು. ‘ನಮ್ಮ ಮಣ್ಣಿನದು’ ಎಂದು ಜಂಬಪಡುವ ಧಾನ್ಯಕ್ಕೆ ಎರಡು ಸಲ ಹೊರನಾಡಿನ ನಂಟು!

ಆಮೇಲಿನ ಕಥೆ ನಮ್ಮ ಕಣ್ಣೆದುರಿನದು. ಪಡಿತರದಲ್ಲಿ ಅಕ್ಕಿ ಬಂತು. 2013ರ ಅನ್ನಭಾಗ್ಯದಲ್ಲಿ ಬಡವರಿಗೆ ಕಿಲೋಗೆ 1 ರೂಪಾಯಿಯಂತೆ ಸಿಕ್ಕಿತು. ಹಬ್ಬದ ಅನ್ನ ದಿನದ ಅನ್ನವಾಯಿತು. ಇದನ್ನು ಆಡಿಕೊಳ್ಳುವವರಿಗೆ ಹಸಿವು ಗೊತ್ತಿಲ್ಲ ಎಂದೇ ನನ್ನ ಅಭಿಪ್ರಾಯ. ಅತ್ತ ಪೇಟೆಯಲ್ಲಿ ಸಕ್ಕರೆ ಕಾಯಿಲೆಯವರು ಮುದ್ದೆಗೆ ತಿರುಗಿದರು. ನೂರು ಗ್ರಾಂ ರಾಗಿಯಲ್ಲಿ ಸುಣ್ಣದ ಅಂಶ 340 ಮಿಲಿಗ್ರಾಂನಷ್ಟು, ಅಕ್ಕಿಯಲ್ಲಿ ಹತ್ತರ ಆಸುಪಾಸು ಎಂದು ಓದಿಕೊಂಡರು. ರಾಗಿ ‘ಸಿರಿಧಾನ್ಯ’ಗಳ ಸಾಲಿಗೆ ಸೇರಿ ಬಣ್ಣದ ಪೊಟ್ಟಣ ಹೊಕ್ಕಿತು. ಮಳೆ ನಂಬಿ ಬಿತ್ತುವವನು ಮಾತ್ರ ಅದೇ ಹೊಲದಲ್ಲಿದ್ದಾನೆ.

2024ರಲ್ಲಿ ಶಾಲೆಗಳಲ್ಲಿ ಹಾಲಿನ ಜೊತೆ ರಾಗಿಮಾಲ್ಟ್ ಕೊಡಲು ಆರಂಭಿಸಿದರು. ಆ ನೆಪದಲ್ಲಿ ನಮ್ಮ ಮಕ್ಕಳಿಗೆ ಒಂದು ಕೆಲಸ ಕೊಟ್ಟೆ: ನಿಮ್ಮಜ್ಜಿ ಚಿಕ್ಕವರಿದ್ದಾಗ ಏನು ಉಣ್ಣುತ್ತಿದ್ದರು, ಕೇಳಿ ಬರೆದು ತನ್ನಿ. ಪುಟಗಟ್ಟಲೆ ಬಂತು. ಒಬ್ಬ ಹುಡುಗಿಯ ಹಾಳೆಯಲ್ಲಿ ಒಂದೇ ಸಾಲು: ‘ನಮ್ಮಜ್ಜಿ ಹೇಳಲಿಲ್ಲ.’

ಸಂತೆಯಲ್ಲಿ ಆ ಅಜ್ಜಿ ಸಿಕ್ಕಿದರು. ‘ಯಾಕಜ್ಜಿ, ಮಗೂಗೆ ಹೇಳಲಿಲ್ಲವಂತೆ?’ ಎಂದೆ.

‘ಏನುಂಡ್ರಿ ಅಂತ ಬರ್ಕೊಂಡು ಬಾ ಅಂದ್ರಂತೆ ಮೇಡಮ್ಮೋರೇ. ನಾವು ಇಸ್ಕೊಂಡು ಉಂಡೋರು. ಅದ್ನ ಮಗೀನ ಕೈಲಿ ಏನಂತ ಬರ್ಸ್ಲಿ?’

ನಾನು ಸುಮ್ಮನಾದೆ. ಸ್ವಲ್ಪ ಹೊತ್ತಿನ ಮೇಲೆ, ಸಾರಿಗೆ ಏನು ಮಾಡುತ್ತಿದ್ದಿರಿ ಎಂದು ಕೇಳಿದೆ. ಅದಕ್ಕೆ ಅಜ್ಜಿಗೆ ಮಾತು ಬಂತು. ಮಳೆ ಬಿದ್ದ ಮೇಲೆ ಹೊಲದಲ್ಲಿ ಬೆರಕೆ ಸೊಪ್ಪು ಆಯ್ದು ತಂದು ಬಸ್ಸಾರು ಮಾಡುತ್ತಿದ್ದರಂತೆ. ಅಣ್ಣೆ, ಹೊನಗೊನ್ನೆ, ಗಣಿಕೆ, ಕೀರೆ ಎಂದು ಬೆರಳು ಮಡಿಚುತ್ತಾ ಹೋದರು. ಯಾವುದು ಬದುವಿನಲ್ಲಿ, ಯಾವುದು ಕೆರೆಯಂಗಳದಲ್ಲಿ, ಯಾವುದನ್ನು ಹೂ ಬಿಟ್ಟ ಮೇಲೆ ಕೀಳಬಾರದು ಎನ್ನುವುದನ್ನೆಲ್ಲ ಹೇಳಿದರು. ಸೋಮವಾರ ಹುಡುಗಿ ಬೇರೆ ಹಾಳೆ ತಂದುಕೊಟ್ಟಳು. ಎರಡೂ ಮಗ್ಗುಲು ತುಂಬ ಸೊಪ್ಪಿನ ಹೆಸರು; ಅದರಲ್ಲಿ ಮೂರನ್ನು ನಾನು ಕೇಳಿಯೇ ಇರಲಿಲ್ಲ.