ಕುದುರೆಯ ಮೈಬಣ್ಣ: ವಂಶಾವಳಿಯ ಪುಸ್ತಕದಿಂದ ವಂಶವಾಹಿಯ ಪರೀಕ್ಷೆಯವರೆಗೆ

ಕುದುರೆಯ ಮೈಬಣ್ಣ ಪೀಳಿಗೆಯಿಂದ ಪೀಳಿಗೆಗೆ ಹೇಗೆ ಸಾಗುತ್ತದೆ ಎಂಬ ಅಧ್ಯಯನಕ್ಕೆ ಮೊದಲ ಆಕರ ಒದಗಿಸಿದ್ದು ರೇಸು ಕುದುರೆಗಳ ವಂಶಾವಳಿಯ ಪುಸ್ತಕಗಳು. ಇಂಗ್ಲೆಂಡಿನ ವೆದರ್ಬಿ ಮನೆತನ 1791ರಲ್ಲಿ ಆರಂಭಿಸಿದ ‘ಜನರಲ್ ಸ್ಟಡ್ ಬುಕ್’ ಥರೋಬ್ರೆಡ್ ತಳಿಯ ಹೆಣ್ಣುಕುದುರೆಗಳ ಮರಿಗಳನ್ನು ಬಣ್ಣದ ಸಮೇತ ದಾಖಲಿಸುತ್ತ ಬಂದಿದ್ದರಿಂದ, ಆನುವಂಶೀಯತೆಯ ನಿಯಮಗಳನ್ನು ಒರೆಗೆ ಹಚ್ಚಲು ಬೇಕಾದ ಸಾಮಗ್ರಿ ಆ ನಿಯಮಗಳು ತಿಳಿಯುವ ಮೊದಲೇ ಕೂಡಿಬಂದಿತ್ತು. ಆಮೇಲಿನ ಬೆಳವಣಿಗೆಯಲ್ಲಿ, ಬಣ್ಣವೆಂದರೆ ಮೇಲ್ನೋಟದ ಅಂದ ಎಂಬ ಎಣಿಕೆ ಹಂತಹಂತವಾಗಿ ಕರಗಿ, ಬಣ್ಣವನ್ನು ಆರಿಸುವ ತಳಿಗಾರ ಪ್ರಾಣಿಯ ದೇಹದ ಬೇರೆ ಗುಣಗಳನ್ನೂ ಆರಿಸುತ್ತಿರುತ್ತಾನೆ ಎಂಬ ಅರಿವು ಬಲಗೊಂಡಿತು.

ಮೆಂಡಲ್‌ನ ನಿಯಮಗಳು 1900ರಲ್ಲಿ ಮತ್ತೆ ಬೆಳಕಿಗೆ ಬಂದ ಕೆಲವೇ ವರ್ಷಗಳಲ್ಲಿ ಇಂಗ್ಲೆಂಡಿನ ಸಿ. ಸಿ. ಹರ್ಸ್ಟ್ ಸ್ಟಡ್ ಬುಕ್ಕಿನ ದಾಖಲೆಗಳನ್ನು ಎಣಿಸಿ, 1906ರಲ್ಲಿ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ತಮ್ಮ ತೀರ್ಮಾನವನ್ನು ಪ್ರಕಟಿಸಿದರು. ಮೈ, ಜೂಲು, ಬಾಲಗಳೆಲ್ಲ ಕೆಂಗಂದಾಗಿರುವ ಕುದುರೆಗೆ ಚೆಸ್ಟ್‌ನಟ್ ಎಂದೂ, ಮೈ ಕೆಂಗಂದಾಗಿದ್ದು ಜೂಲು, ಬಾಲ, ಕಾಲಿನ ಕೆಳಭಾಗಗಳು ಕಪ್ಪಾಗಿರುವ ಕುದುರೆಗೆ ಬೇ ಎಂದೂ ಹೆಸರು. ಚೆಸ್ಟ್‌ನಟ್ ಬಣ್ಣ ದುರ್ಬಲ ಗುಣ, ಅಂದರೆ ತಂದೆ ತಾಯಿ ಇಬ್ಬರಿಂದಲೂ ಬಂದಾಗ ಮಾತ್ರ ಹೊರಗೆ ಕಾಣುವ ಗುಣ ಎಂಬುದು ಹರ್ಸ್ಟ್‌ರ ವಾದವಾಗಿತ್ತು. ಅದು ನಿಜವಾದರೆ ಎರಡು ಚೆಸ್ಟ್‌ನಟ್ ಕುದುರೆಗಳಿಗೆ ಹುಟ್ಟುವ ಮರಿಗಳೆಲ್ಲವೂ ಚೆಸ್ಟ್‌ನಟ್ ಆಗಿರಬೇಕು. ದಾಖಲೆಗಳು ಬಹುಮಟ್ಟಿಗೆ ಹಾಗೆಯೇ ಹೇಳುತ್ತಿದ್ದರೂ ಅಲ್ಲಲ್ಲಿ ಅಪವಾದಗಳು ಉಳಿದಿದ್ದವು. ಮೆಂಡಲ್‌ವಾದವನ್ನು ಒಪ್ಪದ ಡಬ್ಲ್ಯು. ಎಫ್. ಆರ್. ವೆಲ್ಡನ್ ಆ ಅಪವಾದಗಳನ್ನೇ ಮುಂದಿಟ್ಟು ವಾದಿಸಿದರೆ, ಎದುರು ಪಕ್ಷದವರು ಅವು ನೋಂದಣಿಯ ತಪ್ಪುಗಳೆಂದು ಶಂಕಿಸಿದರು. ಅದೇ ಸ್ಟಡ್ ಬುಕ್ಕುಗಳ ಪರಿಶೀಲನೆಯಲ್ಲಿ ತೊಡಗಿದ್ದಾಗಲೇ ವೆಲ್ಡನ್ 1906ರ ಏಪ್ರಿಲ್‌ನಲ್ಲಿ ತೀರಿಕೊಂಡರು. ಮುಂದಿನ ಸಂಶೋಧನೆ ಹರ್ಸ್ಟ್‌ರ ತೀರ್ಮಾನವನ್ನು ಎತ್ತಿಹಿಡಿಯಿತು.

ಅಮೆರಿಕದಲ್ಲಿ ಇದೇ ವಿಷಯ ತಳಿವಿಜ್ಞಾನಕ್ಕೆ ಒಬ್ಬ ದೊಡ್ಡ ವಿಜ್ಞಾನಿಯನ್ನು ಕೊಟ್ಟಿತು. ಕೊಲಂಬಿಯಾ ವಿಶ್ವವಿದ್ಯಾಲಯದ ವಿದ್ಯಾರ್ಥಿ ಎ. ಎಚ್. ಸ್ಟರ್ಟೆವಂಟ್ ತಮ್ಮ ತಂದೆ ಸಾಕುತ್ತಿದ್ದ ಕುದುರೆಗಳ ವಂಶಾವಳಿಯಿಂದ ಆಸಕ್ತಿ ತಳೆದು ಬರೆದ ಬಣ್ಣದ ಕುರಿತ ಲೇಖನವನ್ನು ಥಾಮಸ್ ಹಂಟ್ ಮಾರ್ಗನ್ ಮೆಚ್ಚಿ, 1910ರಲ್ಲಿ ಅದು ಪ್ರಕಟವಾಗುವಂತೆ ಪ್ರೋತ್ಸಾಹಿಸಿದರಲ್ಲದೆ, ಹಣ್ಣುನೊಣಗಳ ಮೇಲೆ ಪ್ರಯೋಗ ನಡೆಯುತ್ತಿದ್ದ ತಮ್ಮ ಪ್ರಯೋಗಾಲಯದಲ್ಲಿ ಆ ತರುಣನಿಗೆ ಜಾಗವನ್ನೂ ಕೊಟ್ಟರು. ವರ್ಣತಂತುವಿನ ಮೇಲೆ ವಂಶವಾಹಿಗಳ ಸ್ಥಾನವನ್ನು ಗುರುತಿಸುವ ಮೊತ್ತಮೊದಲ ನಕ್ಷೆಯನ್ನು 1913ರಲ್ಲಿ ಪ್ರಕಟಿಸಿದವರು ಇದೇ ಸ್ಟರ್ಟೆವಂಟ್. ಶತಮಾನದ ನಡುವೆ ಡಬ್ಲ್ಯು. ಇ. ಕ್ಯಾಸಲ್ ಕುದುರೆಯ ಬಣ್ಣಗಳನ್ನು ಕೆಲವೇ ವಂಶವಾಹಿಗಳ ಕೂಡಾಟವಾಗಿ ವಿವರಿಸಿದರು. ಆದರೂ ಈ ವಂಶವಾಹಿಗಳು ಅಕ್ಷರಗಳಿಂದ ಗುರುತಿಸಲ್ಪಟ್ಟ ಊಹೆಗಳಾಗಿಯೇ ಉಳಿದಿದ್ದವು.

1990ರ ದಶಕದಲ್ಲಿ ಡಿಎನ್‌ಎ ವಿಶ್ಲೇಷಣೆ ಆ ಅಕ್ಷರಗಳಿಗೆ ದೇಹ ಕೊಟ್ಟಿತು. ಕೂದಲಿಗೆ ಬಣ್ಣ ಕೊಡುವ ಕೋಶಗಳು ಯೂಮೆಲನಿನ್ ಎಂಬ ಕಪ್ಪು ವರ್ಣದ್ರವ್ಯವನ್ನೂ ಫಿಯೋಮೆಲನಿನ್ ಎಂಬ ಕೆಂಪು ವರ್ಣದ್ರವ್ಯವನ್ನೂ ತಯಾರಿಸುತ್ತವೆ. ಎರಡರಲ್ಲಿ ಯಾವುದು ತಯಾರಾಗಬೇಕೆಂಬುದು ಕೋಶದ ಮೇಲಿರುವ ಎಂಸಿ1ಆರ್ ಎಂಬ ಗ್ರಾಹಕ ಪ್ರೋಟೀನನ್ನು ಅವಲಂಬಿಸಿದೆ. ಚೆಸ್ಟ್‌ನಟ್ ಕುದುರೆಗಳಲ್ಲಿ ಈ ಗ್ರಾಹಕದ ಒಂದೇ ಒಂದು ಅಮೈನೋ ಆಮ್ಲ ಬದಲಾಗಿರುವುದರಿಂದ ಅದು ಕೆಲಸ ಮಾಡದೆ, ಕೆಂಪು ಮಾತ್ರ ತಯಾರಾಗುತ್ತದೆ ಎಂಬುದು 1996ರಲ್ಲಿ ತಿಳಿದುಬಂತು. ಅಗೂಟಿ ಎಂದು ಕರೆಯುವ ಇನ್ನೊಂದು ವಂಶವಾಹಿಯ ಪ್ರೋಟೀನು ಮೈಯ ಭಾಗದಲ್ಲಿ ಈ ಗ್ರಾಹಕವನ್ನು ತಡೆದು ಕಪ್ಪನ್ನು ಜೂಲು, ಬಾಲ, ಕಾಲುಗಳಿಗೆ ಸೀಮಿತಗೊಳಿಸುತ್ತದೆ; ಆ ವಂಶವಾಹಿಯ ಎರಡೂ ಪ್ರತಿಗಳಲ್ಲಿ 11 ಡಿಎನ್‌ಎ ಅಕ್ಷರಗಳು ಬಿಟ್ಟುಹೋದರೆ ತಡೆ ಇಲ್ಲವಾಗಿ ಕುದುರೆ ಪೂರ್ತಿ ಕಪ್ಪಾಗುತ್ತದೆ ಎಂಬುದನ್ನು 2001ರ ಅಧ್ಯಯನ ತೋರಿಸಿತು. ಕೆಂಪು ಕುದುರೆಯಲ್ಲಿ ತಡೆಯಬೇಕಾದ ಕಪ್ಪೇ ಇಲ್ಲದ್ದರಿಂದ ಅಗೂಟಿ ಅಲ್ಲಿ ಕಣ್ಣಿಗೆ ಬೀಳದೆ ಅಡಗಿರುತ್ತದೆ. ಹೀಗಾಗಿಯೇ ಚೆಸ್ಟ್‌ನಟ್ ಮತ್ತು ಕಪ್ಪು ಕುದುರೆಗಳ ಸಂಕರದಿಂದ ಇಬ್ಬರನ್ನೂ ಹೋಲದ ಬೇ ಮರಿ ಹುಟ್ಟುವುದುಂಟು. ಬೆಂಗಳೂರು, ಮೈಸೂರುಗಳ ಟ್ರ್ಯಾಕಿನಲ್ಲಿ ಓಡುವ ಥರೋಬ್ರೆಡ್‌ಗಳ ಬಣ್ಣವನ್ನು ಬಹುಪಾಲು ಈ ಎರಡು ವಂಶವಾಹಿಗಳೇ ನಿರ್ಧರಿಸುತ್ತವೆ.

ತಳಿಗಾರರನ್ನು ಬಹುಕಾಲ ಕಾಡಿದ್ದು ಪಾಲೊಮಿನೊ ಎಂಬ ಹೊಂಬಣ್ಣದ, ಬಿಳಿ ಜೂಲಿನ ಕುದುರೆ. ಕ್ರೀಮ್ ಎಂಬ ವಂಶವಾಹಿಯ ಒಂದು ಪ್ರತಿ ಇದ್ದರೆ ಚೆಸ್ಟ್‌ನಟ್ ಬಣ್ಣ ತೆಳುವಾಗಿ ಪಾಲೊಮಿನೊ ಆಗುತ್ತದೆ, ಎರಡು ಪ್ರತಿಗಳಿದ್ದರೆ ನೀಲಿಗಣ್ಣಿನ, ಕೆನೆಬಿಳುಪಿನ ಕುದುರೆಯಾಗುತ್ತದೆ. ಎರಡು ಪಾಲೊಮಿನೊಗಳನ್ನು ಕೂಡಿಸಿದಾಗ ಸರಾಸರಿ ಅರ್ಧದಷ್ಟು ಮರಿಗಳು ಮಾತ್ರ ಪಾಲೊಮಿನೊ ಆಗಿ, ಉಳಿದವು ಕೆಂಪು ಮತ್ತು ಕೆನೆಬಣ್ಣಗಳಿಗೆ ಸಮನಾಗಿ ಹಂಚಿಹೋಗುವುದರಿಂದ, ಎಷ್ಟು ಪೀಳಿಗೆ ಆಯ್ದರೂ ಈ ಬಣ್ಣ ಸ್ಥಿರವಾಗಿ ನಿಲ್ಲಲಾರದು. 2003ರಲ್ಲಿ ಕಾರಣವಾದ ಉತ್ಪರಿವರ್ತನೆ ಪತ್ತೆಯಾದಾಗ ಈ ಲೆಕ್ಕಾಚಾರ ಅಣುಮಟ್ಟದಲ್ಲಿ ದೃಢಪಟ್ಟಿತು.

ಬಣ್ಣ ಮತ್ತು ಆರೋಗ್ಯದ ನಂಟು ಅತ್ಯಂತ ಕಠೋರವಾಗಿ ಕಾಣುವುದು ಅಮೆರಿಕದ ಪೇಂಟ್ ಕುದುರೆಗಳಲ್ಲಿರುವ ಫ್ರೇಮ್ ಓವರೋ ಎಂಬ ಬಿಳಿಮಚ್ಚೆಯ ವಿನ್ಯಾಸದಲ್ಲಿ. 1998ರಲ್ಲಿ ಗುರುತಿಸಲಾದ ಇದರ ಉತ್ಪರಿವರ್ತನೆ ಇರುವುದು ಇಡಿಎನ್‌ಆರ್‌ಬಿ ಎಂಬ ವಂಶವಾಹಿಯಲ್ಲಿ. ಭ್ರೂಣದಲ್ಲಿ ಒಂದೇ ಮೂಲದಿಂದ ಹೊರಟು ಚರ್ಮಕ್ಕೆ ಸಾಗುವ ವರ್ಣಕೋಶಗಳಿಗೂ ಕರುಳಿಗೆ ಸಾಗುವ ನರಕೋಶಗಳಿಗೂ ಈ ವಂಶವಾಹಿ ಬೇಕು. ಒಂದು ಪ್ರತಿ ಬದಲಾದರೆ ಪಕ್ಕೆಯ ಮೇಲೆ ಸುಂದರವಾದ ಬಿಳಿಮಚ್ಚೆ ಮೂಡುತ್ತದೆ. ಎರಡೂ ಬದಲಾದರೆ ಪೂರ್ತಿ ಬಿಳಿಯಾಗಿ ಹುಟ್ಟುವ ಮರಿ ಕರುಳು ಚಲಿಸದೆ, ಹೊಟ್ಟೆಶೂಲೆಯಿಂದ ಕೆಲವೇ ದಿನಗಳೊಳಗೆ ಸಾಯುತ್ತದೆ. ಇಬ್ಬರು ವಾಹಕರನ್ನು ಕೂಡಿಸಿದಾಗ ಇಂಥ ಮರಿ ಹುಟ್ಟುವ ಸಾಧ್ಯತೆ ನಾಲ್ಕರಲ್ಲಿ ಒಂದು. ಕೆಲವು ವಾಹಕ ಕುದುರೆಗಳಲ್ಲಿ ಮಚ್ಚೆ ಕಾಣಿಸದಷ್ಟು ಕಡಿಮೆ ಇರುವುದರಿಂದ ಕಣ್ಣಳತೆ ಇಲ್ಲಿ ಸಾಲದು, ಪರೀಕ್ಷೆ ಬೇಕೇ ಬೇಕು.

ಬೂದುಬಣ್ಣದ ಕಥೆಯೂ ಇದಕ್ಕೆ ಹತ್ತಿರದ್ದು. ಗ್ರೇ ಕುದುರೆ ಕಡುಬಣ್ಣದಲ್ಲಿ ಹುಟ್ಟಿ, ವರ್ಷಗಳುರುಳಿದಂತೆ ಕೂದಲು ನರೆತು ಬಿಳಿಯಾಗುತ್ತದೆ. ಎಸ್‌ಟಿಎಕ್ಸ್17 ಎಂಬ ವಂಶವಾಹಿಯೊಳಗಿನ 4,600 ಡಿಎನ್‌ಎ ಅಕ್ಷರಗಳ ತುಣುಕು ಇಮ್ಮಡಿಯಾಗಿರುವುದೇ ಇದಕ್ಕೆ ಕಾರಣವೆಂದು ಸ್ವೀಡನ್ನಿನ ವಿಜ್ಞಾನಿಗಳ ನೇತೃತ್ವದ ತಂಡ 2008ರಲ್ಲಿ ಪ್ರಕಟಿಸಿತು. 15 ವರ್ಷ ದಾಟಿದ ಗ್ರೇ ಕುದುರೆಗಳ ಪೈಕಿ ಶೇ. 70ರಿಂದ 80ರಷ್ಟರಲ್ಲಿ ಮೆಲನೋಮಾ ಎಂಬ ಚರ್ಮದ ಗಡ್ಡೆಗಳು ಕಾಣಿಸಿಕೊಳ್ಳುತ್ತವೆ. ಆ ತುಣುಕು ಎರಡು ಬಾರಿ ಇದ್ದರೆ ನರೆಯುವಿಕೆ ನಿಧಾನವೆಂದೂ, ಮೂರು ಬಾರಿ ಇದ್ದರೆ ನರೆಯುವ ವೇಗವೂ ಗಡ್ಡೆಯ ಅಪಾಯವೂ ಹೆಚ್ಚೆಂದೂ 2024ರ ಸಂಶೋಧನೆ ಸ್ಪಷ್ಟಪಡಿಸಿತು.

ಇದೇ ವಿದ್ಯೆ ಇತಿಹಾಸದ ಕಡೆಗೂ ಕಿಟಕಿ ತೆರೆದಿದೆ. ಪ್ರಾಚೀನ ಮೂಳೆಗಳ ಡಿಎನ್‌ಎ ಪರೀಕ್ಷಿಸಿದ 2009ರ ಅಧ್ಯಯನ, ಕುದುರೆಯನ್ನು ಪಳಗಿಸಿದ ಬಳಿಕ ಬಣ್ಣಗಳ ವೈವಿಧ್ಯ ತೀವ್ರವಾಗಿ ಹೆಚ್ಚಿತೆಂದು ತೋರಿಸಿತು. ಫ್ರಾನ್ಸಿನ ಪೆಶ್ ಮೆರ್ಲ್ ಗುಹೆಯಲ್ಲಿ ಸುಮಾರು 25,000 ವರ್ಷಗಳ ಹಿಂದೆ ಬಿಡಿಸಿದ ಚುಕ್ಕೆಯ ಕುದುರೆಗಳು ಕಲಾವಿದರ ಕಲ್ಪನೆಯೇ ಎಂಬ ಚರ್ಚೆಯಲ್ಲಿ, ಚುಕ್ಕೆಗೆ ಕಾರಣವಾದ ಲೆಪರ್ಡ್ ವಂಶವಾಹಿ ಆ ಕಾಲದ ಯೂರೋಪಿನ ಕಾಡು ಕುದುರೆಗಳಲ್ಲಿ ಇದ್ದಿತೆಂಬ 2011ರ ಶೋಧ ಮಹತ್ವದ ಸಾಕ್ಷ್ಯವಾಯಿತು. ಈ ಚುಕ್ಕೆಯ ವಂಶವಾಹಿಯೂ ಕಣ್ಣಿನೊಂದಿಗೆ ಬೆಸೆದುಕೊಂಡಿದ್ದು, ಎರಡು ಪ್ರತಿಗಳನ್ನು ಪಡೆದ ಕುದುರೆಗೆ ಹುಟ್ಟಿನಿಂದಲೇ ಇರುಳುಗುರುಡು ಇರುತ್ತದೆ.

ಜೂಲಿನ ಕೆಲವು ಕೂದಲುಗಳನ್ನು ಬೇರುಸಹಿತ ಕಿತ್ತು ಕಳಿಸಿದರೆ ಇಂದು ಪ್ರಯೋಗಾಲಯಗಳು ಈ ಬಹುತೇಕ ವಂಶವಾಹಿಗಳ ಸ್ಥಿತಿಯನ್ನು ತಿಳಿಸಬಲ್ಲವು. ಹರ್ಸ್ಟ್ ಮತ್ತು ವೆಲ್ಡನ್ ಸಾವಿರಾರು ನಮೂದುಗಳನ್ನು ಎಣಿಸಿ ವಾದಿಸಬೇಕಾಗಿದ್ದ ಪ್ರಶ್ನೆಗೆ ಈಗ ಸಂಕರಕ್ಕೆ ಮೊದಲೇ ಉತ್ತರ ಸಿಗುತ್ತದೆ. ಫ್ರೇಮ್ ವಾಹಕವನ್ನು ವಾಹಕವಲ್ಲದ ಕುದುರೆಯೊಂದಿಗೆ ಕೂಡಿಸಿದರೆ ಆ ವಿನ್ಯಾಸ ಉಳಿಯುತ್ತದೆ, ಸಾಯಲೆಂದೇ ಹುಟ್ಟುವ ಮರಿ ಹುಟ್ಟುವುದಿಲ್ಲ. ಇಷ್ಟು ಸುಲಭವಾಗಿ ತಪ್ಪಿಸಬಹುದಾದ ನೋವನ್ನು ತಪ್ಪಿಸುವುದು ತಳಿಗಾರರ ಕರ್ತವ್ಯ. ಬಣ್ಣದ ತಳಿವಿಜ್ಞಾನ ನೂರು ವರ್ಷಗಳಲ್ಲಿ ಗಳಿಸಿದ ಜ್ಞಾನ ಸಾರ್ಥಕವಾಗುವುದು ಆ ಕರ್ತವ್ಯದ ಪಾಲನೆಯಲ್ಲಿಯೇ.