ತೋಟಿಗೆ ಬರೀ ಹೆಸರು

ಕಾನೂನಿನಲ್ಲಿ ಹೆಸರು ಬದಲಾಯಿಸೋದು ಸುಲಭ. 1973ರ ನವೆಂಬರ್ 1ಕ್ಕೆ ಮೈಸೂರು ರಾಜ್ಯ ಕರ್ನಾಟಕವಾಯಿತು. ಅದರ ಬೆನ್ನಿಗೇ ಕಾಯಿದೆಗಳ ತಲೆಬರಹದಿಂದ 'ಮೈಸೂರು' ಹೋಗಿ 'ಕರ್ನಾಟಕ' ಬಂತು. ಪ್ರಶ್ನೆ ಅದಲ್ಲ. ಹೆಸರು ತಿದ್ದಿದ ಸರ್ಕಾರ ಸಂಬಂಧವನ್ನೂ ತಿದ್ದಿತೆ?

ನಂಜನಗೂಡು ತಾಲ್ಲೂಕಿನ ಹುಲ್ಲಹಳ್ಳಿ ಹೋಬಳಿಯನ್ನೇ ತಗೊಳ್ಳಿ. ಹಳೇ ಮೈಸೂರಿನ ಬೇರೆ ಹೋಬಳಿಗಳಂತೆ ಇಲ್ಲೂ ತಾಲ್ಲೂಕಿಗೆ ಅಮಲ್ದಾರ, ಹೋಬಳಿಗೆ ಶೇಕದಾರ, ಊರಿಗೆ ಪಟೇಲ, ಶಾನುಭೋಗ. ಅವರ ಕೆಳಗೆ ತಳವಾರ, ನೀರಗಂಟಿ, ತೋಟಿ. ತೋಟಿ, ಕುಳವಾಡಿ ಅಂದರೆ ಬಹುಪಾಲು ನಮ್ಮ ಕೇರಿಯವರೇ. ಊರಿನ ಎಲ್ಲೆಯ ತಕರಾರಿನಲ್ಲಿ ಕುಳವಾಡಿಯ ಮಾತೇ ಕೊನೆಯದು. ಆದರೆ ಎಲ್ಲೆ ತೋರಿಸಿದವನಿಗೆ ಊರೊಳಗೆ ಜಾಗವಿರಲಿಲ್ಲ.

ಈ ವಂಶಪಾರಂಪರ್ಯ ಹುದ್ದೆಗಳನ್ನು 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯಿದೆ ತೆಗೆದುಹಾಕಿತು. ಜಾರಿಗೆ ಬಂದದ್ದು 1963ರ ಫೆಬ್ರವರಿ 1ಕ್ಕೆ. ನಮಗಿದು ಸಣ್ಣ ಸಂಗತಿಯಲ್ಲ. ಮಹಾರ್ ವತನದ ಬಿಟ್ಟಿ ಚಾಕರಿಯ ವಿರುದ್ಧ ಬಾಬಾಸಾಹೇಬರು 1928ರಲ್ಲೇ ಮುಂಬಯಿ ಶಾಸನಸಭೆಯಲ್ಲಿ ಮಸೂದೆ ತಂದಿದ್ದರು. ಹುಟ್ಟಿನಿಂದ ಬರುವ ಚಾಕರಿ ಗುಲಾಮಗಿರಿ ಅನ್ನೋದು ಅವರಿಗೆ ಗೊತ್ತಿತ್ತು. ಶಾನುಭೋಗಿಕೆ ಹೋಗಿ ಗ್ರಾಮಲೆಕ್ಕಿಗನ ಹುದ್ದೆ ಬಂದದ್ದರಿಂದಲೇ ದಲಿತ ಹುಡುಗರೂ ಊರಿನ ಖಾತೆ ಪುಸ್ತಕ ಮುಟ್ಟುವಂತಾಯಿತು. ಇದನ್ನು ಒಪ್ಪಲೇಬೇಕು.

ಆದರೆ ಇನ್ನೊಂದು ಮಗ್ಗುಲು ನೋಡಿ. ಚಾಕರಿಗೆಂದು ಬಿಟ್ಟಿದ್ದ ಇನಾಂ ಜಮೀನು ಮೊದಲು ಸರ್ಕಾರಕ್ಕೆ ಸೇರಿ, ಆಮೇಲೆ ಕಿಮ್ಮತ್ತು ಕಟ್ಟಿದ ಹಿಡುವಳಿದಾರನಿಗೆ ಮರುಮಂಜೂರಾಗಬೇಕಿತ್ತು. ಅರ್ಜಿ ಬರೆಯಲು ಬಾರದವನು, ಸಾಲದಲ್ಲಿದ್ದವನು ಏನು ಮಾಡಬೇಕು? ಮರುಮಂಜೂರಾದ ಜಮೀನನ್ನು 15 ವರ್ಷ ಪರಭಾರೆ ಮಾಡಕೂಡದು ಅನ್ನುವ ತಿದ್ದುಪಡಿ ಬಂದದ್ದು 1978ರಲ್ಲಿ. ಕಾಯಿದೆ ಜಾರಿಯಾಗಿ ಅಷ್ಟೊತ್ತಿಗೆ 15 ವರ್ಷ ಕಳೆದೇಹೋಗಿತ್ತು.

ಹೆಸರುಗಳು ಮಾತ್ರ ನಡೆಯುತ್ತಲೇ ಇದ್ದವು. ಅಮಲ್ದಾರ ತಹಶೀಲ್ದಾರನಾದ, ಶೇಕದಾರ ರೆವಿನ್ಯೂ ಇನ್‌ಸ್ಪೆಕ್ಟರಾದ. ಗ್ರಾಮಲೆಕ್ಕಿಗ ಈಗ ಗ್ರಾಮ ಆಡಳಿತ ಅಧಿಕಾರಿ. ತೋಟಿ, ತಳವಾರರ ಕೆಲಸ ಮಾಡುವವನು ಗ್ರಾಮ ಸಹಾಯಕ. ಮೇಲಿನವರಿಗೆ ಹೆಸರಿನ ಜೊತೆ ವೇತನಶ್ರೇಣಿ, ಬಡ್ತಿ, ಪಿಂಚಣಿ. ಗ್ರಾಮ ಸಹಾಯಕನ ಕೈಗೆ ಬಂದದ್ದು ಗೌರವಧನ. ಖಾಯಂ ಮಾಡಿ ಅಂತ ಅವನು ದಶಕಗಳಿಂದ ಕೇಳುತ್ತಲೇ ಬಂದ. ಗೌರವ ಅನ್ನುವ ಮಾತನ್ನು ಸಂಬಳ ತಪ್ಪಿಸುವುದಕ್ಕೂ ಬಳಸಬಹುದು ಅಂತ ಇದರಿಂದ ಕಲಿಯಬೇಕು.

1955ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆಗೆ 1976ರಲ್ಲಿ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯಿದೆ ಎಂದು ಹೆಸರಿಟ್ಟಾಗ ಶಿಕ್ಷೆಯನ್ನೂ ಬಿಗಿ ಮಾಡಿದರು. ಹೆಸರಿನ ಜೊತೆ ಒಳಗಿನದನ್ನೂ ತಿದ್ದಬಹುದು ಅನ್ನುವುದಕ್ಕೆ ಇದೇ ಸಾಕ್ಷಿ. ಹಾಗಾಗಿ ನಮ್ಮ ವಿಮರ್ಶೆ ಬರೀ ಕತೆ, ಕಾವ್ಯ ಓದಿದರೆ ಸಾಲದು, ಗೆಜೆಟ್ಟನ್ನೂ ಓದಬೇಕು. ಹೊಸ ಹೆಸರು ಬಂದಾಗಲೆಲ್ಲ ಕೇಳಬೇಕು: ಕೆಲಸ ಯಾರದು, ಕೂಲಿ ಎಷ್ಟು, ಜಮೀನು ಯಾರ ಖಾತೆಯಲ್ಲಿದೆ?