ಮನಸ್ಸಿನ ಮಾತು ಕನ್ನಡಕ್ಕೆ ಬಂದ ದಾರಿ

1976ರಲ್ಲಿ ಕನ್ನಡಕ್ಕೆ ಬಂದ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಕಥೆಗೋ ಕಾದಂಬರಿಗೋ ಕವನ ಸಂಕಲನಕ್ಕೋ ಸಲ್ಲಲಿಲ್ಲ. ಅದು ಸಂದದ್ದು ಮನಸ್ಸಿನ ಶಾಸ್ತ್ರವನ್ನು ಕುರಿತ ‘ಮನಮಂಥನ’ ಎಂಬ ಪುಸ್ತಕಕ್ಕೆ. ಬರೆದವರು ಡಾ. ಎಂ. ಶಿವರಾಂ. 1942ರಲ್ಲಿ ‘ಕೊರವಂಜಿ’ ಹಾಸ್ಯ ಪತ್ರಿಕೆ ಆರಂಭಿಸಿ ಕಾಲು ಶತಮಾನ ನಾಡನ್ನು ನಗಿಸಿದ ‘ರಾಶಿ’ ಇವರೇ, ವೃತ್ತಿಯಲ್ಲಿ ವೈದ್ಯರು. ಮನೆಯಲ್ಲಿ ಯಾರಿಗಾದರೂ ಮನಸ್ಸು ಕೆಟ್ಟರೆ ನೆರೆಹೊರೆಗೆ ತಿಳಿಯದಂತೆ ಮುಚ್ಚಿಡುತ್ತಿದ್ದ ಕಾಲದಲ್ಲಿ, ಒಬ್ಬ ಡಾಕ್ಟರು ಆ ವಿಷಯವನ್ನೇ ಎಲ್ಲರ ಓದಿಗೆ ತಂದಿಟ್ಟಿದ್ದರು. ಅಲ್ಲಿಗೆ ತಲುಪಲು ನಾಡು ನೂರಮೂವತ್ತು ವರ್ಷ ನಡೆದಿತ್ತು.

ಆ ನಡಿಗೆ ಶುರುವಾದದ್ದು ಎತ್ತರದ ಗೋಡೆಗಳ ಒಳಗೆ. ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಧಾರವಾಡದಲ್ಲಿ 1845ರಲ್ಲಿ, ಬ್ರಿಟಿಷ್ ಕಮಿಷನರುಗಳ ಆಡಳಿತದಲ್ಲಿದ್ದ ಬೆಂಗಳೂರಿನಲ್ಲಿ ಅದೇ ದಶಕದ ಕೊನೆಗೆ ಹುಚ್ಚಾಸ್ಪತ್ರೆಗಳು ಬಂದವು. ಬೀದಿಯಲ್ಲಿ ಅಲೆಯುವವರನ್ನು, ಮನೆಯವರ ಕೈಮೀರಿದವರನ್ನು ಕೂಡಿಡುವುದೇ ಇಂಥ ಕಡೆಗಳ ಮುಖ್ಯ ಕೆಲಸವಾಗಿತ್ತು. ಮನೋರೋಗಿಗಳನ್ನು ಕುರಿತ 1912ರ ಕಾಯ್ದೆಯಂತೂ ಮ್ಯಾಜಿಸ್ಟ್ರೇಟರ ಆದೇಶದ ಮೇಲೆ ಒಳಗೆ ಸೇರಿಸುವ ಕ್ರಮವನ್ನೇ ಗಟ್ಟಿಮಾಡಿತು. ಹೀಗಾಗಿ ರೋಗಿಗೂ ಆರೋಪಿಗೂ ಜನರ ಕಣ್ಣಲ್ಲಿ ಹೆಚ್ಚು ಅಂತರ ಉಳಿಯಲಿಲ್ಲ. ನಿದ್ದೆ ಬಾರದೆ ಹೊರಳಾಡುವವರು, ತಾನು ಯಾವುದಕ್ಕೂ ಬಾರದವನು ಎಂದು ಒಳಗೊಳಗೇ ಕುಗ್ಗುವವರು ಆ ಬಾಗಿಲಿನ ಕಡೆ ತಲೆಹಾಕುವ ಪ್ರಶ್ನೆಯೇ ಇರಲಿಲ್ಲ. ಅವರ ಪಾಲಿಗೆ ಇದ್ದದ್ದು ದೇವರು, ಹರಕೆ, ತಾಯಿತ.

1925ರಲ್ಲಿ ಮೈಸೂರು ಸರ್ಕಾರ ಬೆಂಗಳೂರಿನ ಸಂಸ್ಥೆಯ ಹೆಸರನ್ನು ಮಾನಸಿಕ ಆಸ್ಪತ್ರೆ ಎಂದು ಬದಲಿಸಿತು. ಹೆಸರಿನ ಹಿಂದೆಯೇ ಸ್ಥಳವೂ ಬದಲಾಯಿತು. ಆಸ್ಪತ್ರೆಯ ಮುಖ್ಯಸ್ಥರಾಗಿದ್ದ ಡಾ. ಫ್ರಾಂಕ್ ನೊರೊನ್ಹಾ ಅವರ ಮುತುವರ್ಜಿಯಲ್ಲಿ 1930ರ ದಶಕದಲ್ಲಿ ಪೇಟೆಯ ಗದ್ದಲದಿಂದಾಚೆ, ಲಕ್ಕಸಂದ್ರದ ವಿಶಾಲ ಜಾಗದಲ್ಲಿ ಹೊಸ ಆಸ್ಪತ್ರೆ ಎದ್ದಿತು. ಅವರ ಬಳಿಕ ಬಂದ ಡಾ. ಎಂ.ವಿ. ಗೋವಿಂದಸ್ವಾಮಿ ಅದನ್ನು ಕಲಿಕೆಯ ಕೇಂದ್ರವಾಗಿ ಬೆಳೆಸಿದರು.

ಮೈಸೂರಿನಲ್ಲಿ ಇನ್ನೊಂದು ಹಾದಿ ತೆರೆದುಕೊಂಡಿತ್ತು. 1924ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಮನಶ್ಶಾಸ್ತ್ರ ವಿಭಾಗ ಆರಂಭವಾಯಿತು. ಅದನ್ನು ಕಟ್ಟಿದವರು ಲಂಡನ್ನಿನಲ್ಲಿ ಓದಿ ಬಂದ ಎಂ.ವಿ. ಗೋಪಾಲಸ್ವಾಮಿ.

ಸ್ವಾತಂತ್ರ್ಯದ ನಂತರ ಈ ಎರಡೂ ಹಾದಿಗಳು ಒಂದೇ ಅಂಗಳದಲ್ಲಿ ಕೂಡಿದವು. ದೇಶದ ಆರೋಗ್ಯ ವ್ಯವಸ್ಥೆಯನ್ನು ಪರಿಶೀಲಿಸಿದ ಭೋರ್ ಸಮಿತಿಯ 1946ರ ಶಿಫಾರಸಿನ ಮೇರೆಗೆ 1954ರಲ್ಲಿ ಬೆಂಗಳೂರಿನ ಮಾನಸಿಕ ಆಸ್ಪತ್ರೆಯ ಪಕ್ಕದಲ್ಲೇ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಹುಟ್ಟಿತು. ಗೋವಿಂದಸ್ವಾಮಿ ಅದರ ಮೊದಲ ನಿರ್ದೇಶಕರು. ಮರುವರ್ಷವೇ ಮನೋವೈದ್ಯರ ಜೊತೆಗೆ ಮನಶ್ಶಾಸ್ತ್ರಜ್ಞರಿಗೂ ಅಲ್ಲಿ ತರಬೇತಿ ಆರಂಭವಾಯಿತು. ಮಾತ್ರೆ ಬರೆಯುವವರಷ್ಟೇ ಮುಖ್ಯವಾಗಿ, ಕೂರಿಸಿಕೊಂಡು ಮಾತಾಡುವವರೂ ಬೇಕು ಎಂಬ ತಿಳಿವಳಿಕೆ ಆಗಲೇ ಇತ್ತು. 1974ರ ಡಿಸೆಂಬರಿನಲ್ಲಿ ಆಸ್ಪತ್ರೆ ಮತ್ತು ಸಂಸ್ಥೆ ಎರಡೂ ಒಂದಾಗಿ ನಿಮ್ಹಾನ್ಸ್ ಆಯಿತು.

ಅಷ್ಟಾದರೂ ಹಳ್ಳಿಯ ರೋಗಿ ಬೆಂಗಳೂರಿಗೇ ಬರಬೇಕಿತ್ತು. ಇದನ್ನು ತಿರುಗುಮುರುಗು ಮಾಡಲು ಹೊರಟವರು ನಿಮ್ಹಾನ್ಸ್‌ನ ಸಮುದಾಯ ಮನೋವೈದ್ಯ ವಿಭಾಗದವರು. ಮೊದಲು ಆನೇಕಲ್ ಕಡೆಯ ಸಕಲವಾರದಲ್ಲಿ 1970ರ ದಶಕದ ನಡುವೆ ಪ್ರಯೋಗ ನಡೆಯಿತು. 1980ರ ದಶಕದಲ್ಲಿ ಇಡೀ ಬಳ್ಳಾರಿ ಜಿಲ್ಲೆಯನ್ನೇ ತೆಗೆದುಕೊಂಡರು. ಸುಮಾರು 20 ಲಕ್ಷ ಜನಸಂಖ್ಯೆಯ ಜಿಲ್ಲೆ ಅದು. ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರುಗಳಿಗೂ ಆರೋಗ್ಯ ಕಾರ್ಯಕರ್ತರಿಗೂ ಸಣ್ಣ ತರಬೇತಿ ಕೊಟ್ಟರು. ಕೇಂದ್ರದ ಕಪಾಟಿನಲ್ಲಿ ಅಗತ್ಯವಾದ ಕೆಲವೇ ಔಷಧಿಗಳನ್ನು ಇಟ್ಟರು. ಮನೆಮನೆ ಸುತ್ತುವ ಕಾರ್ಯಕರ್ತರು ಲಸಿಕೆ, ಬಾಣಂತಿ, ಜ್ವರ ವಿಚಾರಿಸುವಾಗಲೇ ಒಬ್ಬೊಬ್ಬರೇ ಮಾತಾಡಿಕೊಳ್ಳುವವರು, ಊಟ ನಿದ್ದೆ ಬಿಟ್ಟು ಮೂಲೆ ಹಿಡಿದವರು, ಫಿಟ್ಸ್ ಬರುವವರು ಯಾರಾದರೂ ಇದ್ದಾರಾ ಎಂದೂ ಕೇಳಿದರು. ಕೆಮ್ಮು ಜ್ವರದವರು ನಿಂತ ಸಾಲಿನಲ್ಲೇ ಅವರೂ ಬಂದು ನಿಲ್ಲುವಂತಾಯಿತು. ಬೇರೆ ಬಾಗಿಲು, ಬೇರೆ ಬೋರ್ಡು ಇರಲಿಲ್ಲ. 1996ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಮಾದರಿ.

ತೀವ್ರ ಕಾಯಿಲೆಗಳಿಗೆ ಹೀಗೆ ದಾರಿಯಾಯಿತು. ಕಾಯಿಲೆ ಎನ್ನಲಾಗದ, ಆದರೂ ಬದುಕನ್ನು ಹಿಂಡುವ ಅಳುಕು ಮತ್ತು ಕೀಳರಿಮೆಗೆ? ಅಲ್ಲಿ ದೊಡ್ಡ ಕೆಲಸ ಮಾಡಿದ್ದು ಕನ್ನಡದ ಬರವಣಿಗೆ. ರಾಶಿಯವರ ಹಾದಿಯನ್ನು ಹಿಗ್ಗಿಸಿದವರು ನಿಮ್ಹಾನ್ಸ್‌ನ ಪ್ರಾಧ್ಯಾಪಕರಾಗಿದ್ದ ಡಾ. ಸಿ.ಆರ್. ಚಂದ್ರಶೇಖರ್. ದಶಕಗಳ ಕಾಲ ಪುಸ್ತಕ, ಅಂಕಣ, ಭಾಷಣಗಳಲ್ಲಿ ಪರೀಕ್ಷೆಯ ಭಯ, ಗಂಡಹೆಂಡಿರ ಮುನಿಸು, ದೆವ್ವ ಮೈಮೇಲೆ ಬರುವುದು, ಎಲ್ಲವನ್ನೂ ಪಕ್ಕದ ಮನೆಯವರಿಗೆ ಹೇಳುವ ಹಾಗೆ ಹೇಳಿದರು. 2024ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು.

ಇಂದು ಆಪ್ತಸಮಾಲೋಚಕರು ಕಲಿಸುವ ಒಂದು ಪಾಠ ಬಹಳ ಸರಳ. ಅದರ ಬೇರು 1960ರ ದಶಕದಲ್ಲಿ ಅಮೆರಿಕದ ಮನೋವೈದ್ಯ ಆರನ್ ಬೆಕ್ ರೂಪಿಸಿದ ಚಿಕಿತ್ಸೆಯಲ್ಲಿದೆ. ‘ನನ್ನ ಕೈಲಿ ಏನೂ ಆಗಲ್ಲ’ ಎನ್ನುವ ಯೋಚನೆ ಬಂದಾಗ ಅದನ್ನು ಹಾಳೆಯ ಮೇಲೆ ಬರೆಯಬೇಕು. ಅದು ನಿಜ ಎನ್ನಲು ಏನು ಆಧಾರ, ಅಲ್ಲ ಎನ್ನಲು ಏನು ಆಧಾರ ಎಂದು ಕೆಳಗೆ ಎರಡು ಪಟ್ಟಿ ಮಾಡಬೇಕು. ಹಳ್ಳಿಯ ಕನ್ನಡ ಶಾಲೆಯಿಂದ ಬಂದು ಎಂಜಿನಿಯರಿಂಗ್ ಕಾಲೇಜಿನ ಇಂಗ್ಲಿಷ್ ತರಗತಿಯಲ್ಲಿ ಬಾಯಿ ಬಿಡಲಾಗದೆ ಕೂತ ಹುಡುಗಿ, ಪಿಯುಸಿಯಲ್ಲಿ ತಾನು ಪಡೆದ ಅಂಕವನ್ನು ಎರಡನೆಯ ಪಟ್ಟಿಯಲ್ಲಿ ತನ್ನ ಕೈಯಾರೆ ಬರೆದಾಗ, ಅನುಮಾನದ ಬಿಗಿ ಸ್ವಲ್ಪ ಸಡಿಲವಾಗುತ್ತದೆ. ಒಂದೇ ದಿನಕ್ಕೆ ಅಲ್ಲ, ವಾರಗಟ್ಟಲೆ ಮಾಡಿದರೆ.

ಕೆಲಸ ಇನ್ನೂ ಬಹಳ ಉಳಿದಿದೆ. ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೇಶದ ವಯಸ್ಕರಲ್ಲಿ ಶೇ. 10.6ರಷ್ಟು ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆಯಿತ್ತು. ಅವರಲ್ಲಿ ಹೆಚ್ಚಿನವರಿಗೆ ಚಿಕಿತ್ಸೆ ಸಿಕ್ಕಿರಲಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಚಿಕಿತ್ಸೆ ಪಡೆಯುವುದನ್ನು ಪ್ರತಿಯೊಬ್ಬರ ಹಕ್ಕಾಗಿಸಿತು. ರಾಜ್ಯದ ‘ಮನೋಚೈತನ್ಯ’ ಯೋಜನೆಯಡಿ ತಾಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ ಏರ್ಪಾಡಾಯಿತು. 2022ರ ಅಕ್ಟೋಬರ್ 10ರಂದು ಬೆಂಗಳೂರಿನಲ್ಲೇ ಉದ್ಘಾಟನೆಯಾದ ಟೆಲಿ ಮಾನಸ್ ಸಹಾಯವಾಣಿಯಲ್ಲಿ ಕನ್ನಡದಲ್ಲೇ ಮಾತಾಡಬಹುದು. ಖರ್ಚಿಲ್ಲ, ದಿನದ 24 ಗಂಟೆಯೂ ಲಭ್ಯ. ಮನಸ್ಸು ಕುಗ್ಗಿದಾಗ ಹಲ್ಲುಕಚ್ಚಿ ಸಹಿಸಬೇಕಾಗಿಲ್ಲ. ನಿಮಗೋ ನಿಮ್ಮ ಮನೆಯ ಮಗುವಿಗೋ ಬೇಕೆನಿಸಿದರೆ ತಡಮಾಡದೆ ಕರೆ ಮಾಡಿ, ಸಂಖ್ಯೆ 14416.